ತೀರ್ಪಿನ ಕೊನೆಯ ಪುಟ

ಕೊಡಗು ಜಿಲ್ಲೆಯ ಬೇರೆ ಬೇರೆ ಊರುಗಳ ನ್ಯಾಯಾಲಯಗಳಲ್ಲಿ ನಾನು 31 ವರ್ಷ ಶೀಘ್ರಲಿಪಿಗಾರ್ತಿಯಾಗಿ ಕೆಲಸ ಮಾಡಿದೆ. ಪೀಠದಲ್ಲಿ ಕುಳಿತವರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕಡೆಗೆ ಕಾನೂನುಗಳ ಹೆಸರೂ ಬದಲಾದವು. ತೀರ್ಪಿನ ಕೊನೆಯ ಪುಟದಲ್ಲಿ ಬರುವ ಒಂದು ಪ್ಯಾರಾ ಮಾತ್ರ ನಾನು ಕೆಲಸಕ್ಕೆ ಸೇರಿದ ದಿನ ಹೇಗಿತ್ತೋ ನಿವೃತ್ತಳಾದ ದಿನವೂ ಹಾಗೆಯೇ ಇತ್ತು. "ಶಿಕ್ಷೆಯ ಪ್ರಮಾಣದ ಕುರಿತು ದೋಷಿಯನ್ನು ವಿಚಾರಿಸಲಾಗಿ, ತಾನು ಬಡವನೆಂದೂ, ತನ್ನ ದುಡಿಮೆಯನ್ನೇ ನಂಬಿದ ಕುಟುಂಬವಿದೆಯೆಂದೂ, ಕರುಣೆ ತೋರಬೇಕೆಂದೂ ಕೇಳಿಕೊಂಡಿರುತ್ತಾನೆ. ಉಭಯ ಪಕ್ಷಗಳ ವಾದವನ್ನು ಆಲಿಸಲಾಯಿತು. ಪ್ರಕರಣದ ಸಂಗತಿ ಸನ್ನಿವೇಶಗಳನ್ನು ಪರಿಗಣಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ." ನ್ಯಾಯಾಧೀಶರು ಇಷ್ಟನ್ನು ಹೇಳಿ ಮುಗಿಸುವ ಮೊದಲೇ ನನ್ನ ಬೆರಳುಗಳು ಅದನ್ನು ಬರೆದಿರುತ್ತಿದ್ದವು.

ಆ ಪ್ಯಾರಾಕ್ಕೆ ಮುಂಚಿನ ಇಪ್ಪತ್ತು ಮೂವತ್ತು ಪುಟಗಳಲ್ಲಿ ಎಷ್ಟೊಂದು ಜಾಗರೂಕತೆ ಇರುತ್ತಿತ್ತು ಎಂಬುದನ್ನು ನಾನು ಬಲ್ಲೆ. ಮಹಜರಿನಲ್ಲಿ ಸಹಿ ಮಾಡಿದ ಪಂಚರು ಸ್ಥಳದಲ್ಲಿದ್ದರೇ, ದೂರು ತಡವಾದದ್ದೇಕೆ, ಗಾಯದ ಅಳತೆಗೂ ಕತ್ತಿಯ ಅಳತೆಗೂ ಹೊಂದಿಕೆಯಿದೆಯೇ ಎಂದು ಒಂದೊಂದನ್ನೂ ತೂಗಿ ನೋಡಿ, ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕೇ ಬೇಡವೇ ಎಂದು ಎರಡೆರಡು ದಿನ ಯೋಚಿಸಿದ ನ್ಯಾಯಾಧೀಶರನ್ನು ನೋಡಿದ್ದೇನೆ. ತಪ್ಪು ಮಾಡಿದನೇ ಇಲ್ಲವೇ ಎಂಬುದಕ್ಕೆ ಅಷ್ಟು ಶ್ರಮ. ಮಾಡಿದನೆಂದ ಮೇಲೆ ಅವನು ಎಷ್ಟು ಕಾಲ ಮನೆ ಬಿಟ್ಟಿರಬೇಕು ಎಂಬುದಕ್ಕೆ ಆರು ಸಾಲು. ಹಿಂದಿನ ಬೆಂಚಿನಲ್ಲಿ ಕುಳಿತ ತಾಯಿ, ವಕೀಲರು ಹೊರಗೆ ಬಂದ ಕೂಡಲೇ ಕೇಳುತ್ತಿದ್ದದ್ದು ಆ ಆರು ಸಾಲಿನ ವಿಷಯವನ್ನೇ.

ಕಾನೂನು ಈ ಆರು ಸಾಲಿಗೆ ಕೊಟ್ಟಿರುವ ಅವಕಾಶ ಬಹಳ ದೊಡ್ಡದು. 1860ರ ಭಾರತೀಯ ದಂಡ ಸಂಹಿತೆಯಿಂದ ಹಿಡಿದು ಈಗಿನ ಭಾರತೀಯ ನ್ಯಾಯ ಸಂಹಿತೆಯವರೆಗೆ ಹೆಚ್ಚಿನ ಅಪರಾಧಗಳಿಗೆ ಶಿಕ್ಷೆಯ ಮೇಲಿನ ಮಿತಿಯನ್ನಷ್ಟೇ ಹೇಳಲಾಗಿದೆ. ದಂಡ ಸಂಹಿತೆಯಲ್ಲಿ ಕಳವಿಗೆ 3 ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಇದ್ದವು. ಕೊಲೆಯೆನಿಸದ ಮಾನವ ಹತ್ಯೆಯ 304ನೇ ಕಲಮಿನ ಎರಡನೆಯ ಭಾಗದಲ್ಲಿ 10 ವರ್ಷದವರೆಗೆ ಸಜೆ ಇಲ್ಲವೇ ಬರಿಯ ದಂಡವನ್ನಷ್ಟೇ ವಿಧಿಸಲು ಸಹ ಅವಕಾಶವಿತ್ತು. 'ವರೆಗೆ' ಎಂಬ ಆ ಒಂದು ಪದದೊಳಗೆ ನ್ಯಾಯಾಧೀಶರ ವಿವೇಚನಾಧಿಕಾರ ಇದೆ. ಅದನ್ನು ಕುರುಡಾಗಿ ಬಳಸಬಾರದೆಂದೇ ಕಾನೂನು ಆಯೋಗದ 48ನೇ ವರದಿಯ ಸಲಹೆಯಂತೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಶಿಕ್ಷೆಯ ಬಗ್ಗೆ ಪ್ರತ್ಯೇಕ ವಿಚಾರಣೆಯನ್ನು ಸೇರಿಸಲಾಯಿತು. ಸೆಷನ್ಸ್ ನ್ಯಾಯಾಲಯಕ್ಕೆ 235(2)ನೇ ಕಲಂ, ಮ್ಯಾಜಿಸ್ಟ್ರೇಟರಿಗೆ 248(2)ನೇ ಕಲಂ. ಸಂತಾ ಸಿಂಗ್ ಪ್ರಕರಣದಲ್ಲಿ 1976ರಲ್ಲಿ ಸುಪ್ರೀಂ ಕೋರ್ಟ್ ಈ ವಿಚಾರಣೆಯೆಂದರೆ ಎರಡು ಮಾತು ಕೇಳಿಸಿಕೊಳ್ಳುವುದಲ್ಲ, ದೋಷಿಯ ವಯಸ್ಸು, ಹಿನ್ನೆಲೆ, ಓದು, ಮನೆ, ಸುಧಾರಣೆಯ ಸಾಧ್ಯತೆ ಇವುಗಳ ಬಗ್ಗೆ ಸಾಮಗ್ರಿ ಒದಗಿಸಲು ಅವಕಾಶ ಕೊಡುವುದು ಎಂದು ಹೇಳಿತು, ಅಂಥ ವಿಚಾರಣೆ ನಡೆದಿರಲಿಲ್ಲವೆಂಬ ಕಾರಣಕ್ಕೇ ಶಿಕ್ಷೆಯನ್ನು ರದ್ದುಗೊಳಿಸಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು.

ನಾನು ಕಂಡ ಹೆಚ್ಚಿನ ಪ್ರಕರಣಗಳಲ್ಲಿ ಈ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಬೆಳಿಗ್ಗೆ ದೋಷಿ ಎಂಬ ಘೋಷಣೆ, ಮಧ್ಯಾಹ್ನದ ಊಟದ ನಂತರ ಶಿಕ್ಷೆ. ನಡುವಿನ ಅವಧಿಯಲ್ಲಿ ವಕೀಲರಿಗೆ ಬೇರೆ ಕಲಾಪಗಳು, ದೋಷಿಗೆ ನಡುಕ, ನನಗೆ ಮುಂದಿನ ಉಕ್ತಲೇಖನ.

ಎರಡು ಪ್ರಕರಣಗಳನ್ನು ಹೇಳುತ್ತೇನೆ. ಯಾರ ಗುರುತೂ ಸಿಗಬಾರದೆಂದು ಊರನ್ನಾಗಲೀ ಇಸವಿಯನ್ನಾಗಲೀ ಹೇಳುವುದಿಲ್ಲ. ಎರಡೂ ಹಳೆಯ ದಂಡ ಸಂಹಿತೆಯ ಕಾಲದವು, ಎರಡೂ ಕಾಫಿ ಕಳವಿನವು. ಕೊಡಗಿನಲ್ಲಿ ಇರುವವರಿಗೆ ಇದು ಹೊಸ ವಿಷಯವಲ್ಲ. ಡಿಸೆಂಬರ್ ಕಳೆದು ಕೊಯ್ಲು ಜೋರಾದಾಗ ಕಣಗಳ ತುಂಬ ಕಾಫಿ ಒಣಗುತ್ತಿರುತ್ತದೆ, ರಾತ್ರಿ ಟಾರ್ಪಾಲು ಹೊದಿಸಿ ಕಾವಲಿಗೆ ಒಬ್ಬನನ್ನು ಬಿಟ್ಟರೂ ಚೀಲ ಮಾಯವಾಗುವುದುಂಟು. ಮೊದಲನೆಯ ಪ್ರಕರಣದ ಯುವಕ ಪೇಟೆಯವನು, ಪದವಿ ತರಗತಿಯಲ್ಲಿ ಓದುತ್ತಿದ್ದವನು. ಎರಡನೆಯವನು ಹಾಡಿಯವನು, ಅಂದರೆ ಆದಿವಾಸಿಗಳ ವಸತಿಯವನು, ತಾನು ಕದ್ದ ತೋಟದಲ್ಲೇ ದಿನಗೂಲಿಗೆ ಹೋಗುತ್ತಿದ್ದವನು. ಇಬ್ಬರೂ ಕದ್ದದ್ದು ತಲಾ ಎರಡು ಚೀಲ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ. ಇಬ್ಬರಿಗೂ ಅದು ಮೊದಲ ಅಪರಾಧ. ಎರಡೂ ಕಡೆ ತೋಟದ ಮಾಲೀಕರು ರಾಜಿಗೆ ಒಪ್ಪಲಿಲ್ಲ. ಬೇರೆ ಬೇರೆ ನ್ಯಾಯಾಲಯಗಳಲ್ಲಿ, ಸುಮಾರು ಎರಡು ವರ್ಷಗಳ ಅಂತರದಲ್ಲಿ ಬಂದ ಆ ಎರಡೂ ತೀರ್ಪುಗಳನ್ನು ಟೈಪ್ ಮಾಡಿದವಳು ನಾನೇ.

ಪೇಟೆಯ ಯುವಕನ ವಕೀಲರು ಶಿಕ್ಷೆಯ ಪ್ರಮಾಣದ ಮೇಲೆ ವಾದಿಸಲು ಒಂದು ವಾರ ಸಮಯ ಕೇಳಿದರು. ಕಾಲೇಜಿನ ಪತ್ರ ಬಂತು, ಅಂಕಪಟ್ಟಿ ಬಂತು, ತಂದೆ ನ್ಯಾಯಾಲಯಕ್ಕೆ ಬಂದು ಕೈಮುಗಿದು ನಿಂತರು, ಮಾಲೀಕರ ನಷ್ಟವನ್ನು ಠೇವಣಿ ಇಡಲಾಯಿತು. ನ್ಯಾಯಾಧೀಶರು ಎಲ್ಲವನ್ನೂ ಓದಿ, ಎಲ್ಲರೂ ಪ್ರೊಬೇಷನ್ ಕಾಯ್ದೆ ಎನ್ನುವ 1958ರ ಕಾಯ್ದೆಯ 4ನೇ ಕಲಮಿನಡಿ, ಎರಡು ವರ್ಷದ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಟ್ಟರು. ಆ ಕಾಯ್ದೆಯ 12ನೇ ಕಲಮಿನ ಪ್ರಕಾರ ಹಾಗೆ ಬಿಡುಗಡೆಯಾದವನಿಗೆ ಅಪರಾಧ ಸಾಬೀತಾದದ್ದರಿಂದ ಬರುವ ಅನರ್ಹತೆಯೂ ತಟ್ಟುವುದಿಲ್ಲ. ಅದು ಒಳ್ಳೆಯ ತೀರ್ಪು. ಅಂದೂ ಹಾಗೆಯೇ ಅನ್ನಿಸಿತ್ತು, ಇಂದಿಗೂ ಅನ್ನಿಸುತ್ತದೆ.

ಹಾಡಿಯ ಯುವಕನಿಗೆ ಒಂದು ವರ್ಷ ಕಠಿಣ ಸಜೆ ಮತ್ತು 2,000 ರೂಪಾಯಿ ದಂಡ, ದಂಡ ತೆರಲು ತಪ್ಪಿದಲ್ಲಿ ಇನ್ನೊಂದು ತಿಂಗಳು. ಈ ನ್ಯಾಯಾಧೀಶರು ಕಠೋರರೇನಲ್ಲ. ದೂರದಿಂದ ಬಂದ ಸಾಕ್ಷಿಗಳನ್ನು ಸಂಜೆಯವರೆಗೆ ಕಾಯಿಸಬಾರದೆಂದು ಅವರ ಕಲಾಪವನ್ನು ಮೊದಲು ತೆಗೆದುಕೊಳ್ಳುತ್ತಿದ್ದವರು, ಸಿಬ್ಬಂದಿಯ ಮೇಲೆ ಒಮ್ಮೆಯೂ ದನಿಯೇರಿಸದವರು. ಆದರೆ ಅವರ ಮುಂದಿದ್ದ ಕಡತದಲ್ಲಿ ಆ ಹುಡುಗ ಕಾಫಿ ಕದ್ದವನೆಂಬುದರ ಹೊರತು ಅವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಉಚಿತ ಕಾನೂನು ನೆರವಿನಿಂದ ಬಂದ ವಕೀಲರು ಅವನನ್ನು ಕಟಕಟೆಯ ಬಳಿ ಬಿಟ್ಟರೆ ಬೇರೆಲ್ಲಿಯೂ ಭೇಟಿಯಾಗಿರಲಿಲ್ಲ. "ಶಿಕ್ಷೆಯ ಪ್ರಮಾಣದ ಬಗ್ಗೆ ನಿನ್ನದೇನಾದರೂ ನಿವೇದನೆ ಇದೆಯೇ?" ಎಂದು ನ್ಯಾಯಾಧೀಶರು ಕೇಳಿದರು. ಅವನು ಸುಮ್ಮನೆ ನಿಂತ. ಮತ್ತೊಮ್ಮೆ ಕೇಳಿದರು. ಅವನು ತಲೆಯಾಡಿಸಿದ. "ಹೇಳುವುದೇನೂ ಇಲ್ಲವೆಂದಿರುತ್ತಾನೆ" ಎಂದು ನಾನು ಬರೆದುಕೊಂಡೆ.

ಕೆಲವು ವರ್ಷಗಳ ನಂತರ ಗೋಣಿಕೊಪ್ಪದ ಸಂತೆಯಲ್ಲಿ ಅವನೇ ನನ್ನ ಗುರುತು ಹಿಡಿದು ಮಾತನಾಡಿಸಿದ. ಕುಶಲ ವಿಚಾರಿಸಿದ ಮೇಲೆ, ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದವನಂತೆ, "ಅಕ್ಕ, ಅವತ್ತು ಸಾಹೇಬ್ರು ನನ್ನ ಹತ್ರ ಕೇಳಿದ್ದು ಏನು?" ಎಂದ. ನಾನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಇನ್ನೂ ಬೇರೆ ಚೀಲ ಎಲ್ಲಾದ್ರೂ ಬಚ್ಚಿಟ್ಟಿದ್ದೀಯಾ ಅಂತ ಕೇಳ್ತಿದಾರೆ ಅಂದ್ಕೊಂಡೆ. ಅದಕ್ಕೇ ಇಲ್ಲ ಅಂತ ತಲೆ ಅಲ್ಲಾಡಿಸ್ದೆ" ಎಂದ. ಅವನ ಮನೆಮಾತು ಬೇರೆ, ನ್ಯಾಯಾಲಯದ ಕನ್ನಡ ಬೇರೆ. 'ಪ್ರಮಾಣ', 'ನಿವೇದನೆ' ಎಂಬ ಪದಗಳನ್ನು ಅವನು ಅದೇ ಮೊದಲ ಸಲ ಕೇಳಿದ್ದ. ಕಾನೂನು ಕೊಟ್ಟ ಏಕೈಕ ಅವಕಾಶ ಅವನ ಪಾಲಿಗೆ ಬಂದು ಹೋದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅದನ್ನು ದಾಖಲೆ ಮಾಡಿದ ನನಗೂ ಗೊತ್ತಾಗಿರಲಿಲ್ಲ.

ಅದೇ ಮಾತುಕತೆಯಲ್ಲಿ ಇನ್ನೊಂದು ಸಂಗತಿ ತಿಳಿಯಿತು. ದೋಷಾರೋಪಣ ಪಟ್ಟಿಯಲ್ಲಿ ಅವನ ವಯಸ್ಸು 'ಸುಮಾರು 22 ವರ್ಷ' ಎಂದಿತ್ತು, ನಾನು ತೀರ್ಪಿನ ಮೊದಲ ಪುಟದಲ್ಲಿ ಅದನ್ನೇ ಟೈಪ್ ಮಾಡಿದ್ದೆ. ಅವನು ಓದಿದ ಆಶ್ರಮ ಶಾಲೆಯ ದಾಖಲೆಯ ಲೆಕ್ಕದಲ್ಲಿ ಅವನಿಗೆ ಆಗ 20 ತುಂಬಿತ್ತಷ್ಟೇ. ಪ್ರೊಬೇಷನ್ ಕಾಯ್ದೆಯ 6ನೇ ಕಲಂ, 21 ತುಂಬದವನನ್ನು ಇಂಥ ಅಪರಾಧಕ್ಕೆ ಜೈಲಿಗೆ ಕಳುಹಿಸಬಾರದು, ಕಳುಹಿಸಲೇಬೇಕಾದರೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ವರದಿ ತರಿಸಿ ಕಾರಣಗಳನ್ನು ಬರೆಯಬೇಕು ಎನ್ನುತ್ತದೆ. ಠಾಣೆಯಲ್ಲಿ ಯಾರೋ ಅವನ ಮುಖ ನೋಡಿ ಅಂದಾಜಿನಲ್ಲಿ ಬರೆದ 'ಸುಮಾರು' ಎಂಬ ಪದ ಆ ರಕ್ಷಣೆಯನ್ನು ಅವನಿಂದ ಕಿತ್ತುಕೊಂಡಿತ್ತು. ಜನನ ಪ್ರಮಾಣಪತ್ರ ಮನೆಯಲ್ಲಿರುವವರಿಗೆ ವಯಸ್ಸು ಎಂದೂ 'ಸುಮಾರು' ಆಗುವುದಿಲ್ಲ.

ಈ 6ನೇ ಕಲಮಿನಲ್ಲಿ ಇನ್ನೂ ಒಂದು ತೊಡಕಿದೆ. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್, ಪರಿಗಣಿಸಬೇಕಾದ ವಯಸ್ಸು ಅಪರಾಧದ ದಿನದ್ದಲ್ಲ, ವಿಚಾರಣಾ ನ್ಯಾಯಾಲಯ ಶಿಕ್ಷೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ದಿನದ್ದು ಎಂದು ತೀರ್ಮಾನಿಸಿತು. ಕಾಯ್ದೆಯ ಪದಗಳನ್ನು ಓದಿದರೆ ಆ ಅರ್ಥ ಸರಿಯೇ. ಆದರೆ 18ರಲ್ಲಿ ತಪ್ಪು ಮಾಡಿದವನ ಮೊಕದ್ದಮೆ ನಾಲ್ಕು ವರ್ಷ ಎಳೆದರೆ, ವಾಯಿದೆ ಕೇಳಿದವರು ಯಾರೇ ಇರಲಿ, ರಕ್ಷಣೆ ಕಳೆದುಕೊಳ್ಳುವವನು ಅವನು. ವಿಳಂಬವನ್ನು ನಾವು ಬಾಕಿ ಕಡತಗಳ ಲೆಕ್ಕದಲ್ಲಿ ಅಳೆಯುತ್ತೇವೆ, ಅದು ಒಬ್ಬನ ಶಿಕ್ಷೆಯನ್ನೇ ಬದಲಿಸಿಬಿಡುತ್ತದೆ ಎಂಬುದನ್ನು ಮರೆಯುತ್ತೇವೆ.

ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 361ನೇ ಕಲಂ ಕೂಡ ಇಲ್ಲಿ ಮುಖ್ಯ. ಪ್ರೊಬೇಷನ್ ಕೊಡಬಹುದಾದ ಪ್ರಕರಣದಲ್ಲಿ ಕೊಡದೇ ಇದ್ದರೆ ಅದಕ್ಕೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಲೇಬೇಕು ಎಂದು ಅದು ಕಟ್ಟುಪಾಡು ಮಾಡುತ್ತಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 402ನೇ ಕಲಮಾಗಿ ಅದೇ ಮುಂದುವರಿದಿದೆ. ಅಂದರೆ ಜೈಲಿಗೆ ಕಾರಣ ಬೇಕೇ ಹೊರತು ಬಿಡುಗಡೆಗಲ್ಲ. ನನ್ನ ಅನುಭವದಲ್ಲಿ ನಡೆದದ್ದು ತಿರುಗುಮುರುಗು. ಬಿಡುಗಡೆ ಮಾಡಿದಾಗ ಎರಡು ಪುಟ ಕಾರಣ, ಜೈಲಿಗೆ ಕಳುಹಿಸಿದಾಗ ಅದೇ ಆರು ಸಾಲು. ನ್ಯಾಯಾಧೀಶರನ್ನು ದೂರಿ ಈ ಮಾತು ಹೇಳುತ್ತಿಲ್ಲ. ಮೇಲಿನ ನ್ಯಾಯಾಲಯ ಪ್ರಶ್ನಿಸುವುದು, ಜನ ಆಡಿಕೊಳ್ಳುವುದು ಬಿಟ್ಟಾಗಲೇ ಹೊರತು ಕಳುಹಿಸಿದಾಗಲ್ಲ ಎಂಬ ಅಳುಕು ಪ್ರಾಮಾಣಿಕರಲ್ಲೂ ಇರುತ್ತದೆ.

ಹಳೆಯ ಕೊಡಗಿನಲ್ಲಿ ಊರಿನ ವ್ಯಾಜ್ಯಗಳನ್ನು ತಕ್ಕರೆಂಬ ಊರ ಮುಖ್ಯಸ್ಥರು, ಹಿರಿಯರು, ಊರು ಸೇರುವ ಬಯಲಾದ ಮಂದ್‌ನಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು. ತಪ್ಪಿತಸ್ಥ ಯಾರ ಮಗ, ಮನೆಯ ಪರಿಸ್ಥಿತಿ ಏನು, ಹಿಂದೆ ಹೇಗಿದ್ದ ಎಂಬುದನ್ನು ಅವರಿಗೆ ಯಾರೂ ವರದಿ ಮಾಡಬೇಕಿರಲಿಲ್ಲ. ಆ ವ್ಯವಸ್ಥೆಯನ್ನು ನೆನೆದು ನಿಟ್ಟುಸಿರಿಡುವವರು ನಮ್ಮಲ್ಲಿ ಇದ್ದಾರೆ. ಆದರೆ ಮಂದ್‌ನಲ್ಲಿ ಮಾತಿದ್ದದ್ದು ಮನೆತನಗಳಿಗೆ, ಗದ್ದೆಯಲ್ಲಿ ದುಡಿಯುವ ಹಾಡಿಯವರಿಗಲ್ಲ. ಬಲ್ಲವರೇ ತೀರ್ಪುಗಾರರಾದರೆ ಕನಿಕರದ ಜೊತೆಗೆ ಹಗೆಯೂ ತಾತ್ಸಾರವೂ ತೀರ್ಪಿನೊಳಗೆ ಬರುತ್ತವೆ. ಹೊರ ಜಿಲ್ಲೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರಿಗೆ ಯಾರ ಮನೆತನವೂ ಗೊತ್ತಿಲ್ಲದಿರುವುದು ದೊಡ್ಡ ರಕ್ಷಣೆ, ಅದನ್ನು ನಾವು ಕಳೆದುಕೊಳ್ಳಬಾರದು. ಆದರೆ ಗೊತ್ತಿಲ್ಲದಿರುವಿಕೆಯನ್ನು ತುಂಬಲೆಂದೇ ಕಾಯ್ದೆ ಪರಿವೀಕ್ಷಣಾಧಿಕಾರಿಯ ವರದಿಯನ್ನು ಇಟ್ಟಿದೆ. ವರದಿಯನ್ನು ತರಿಸದೆ ಬರೀ ದೂರವನ್ನು ಉಳಿಸಿಕೊಂಡರೆ, ವಕೀಲರಿಗೆ ಹಣ ಕೊಡಬಲ್ಲವನ ಬದುಕು ಮಾತ್ರ ಪೀಠಕ್ಕೆ ಕಾಣಿಸುತ್ತದೆ.

ಸೋಮನ್ ಎಂಬ ಕೇರಳದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ನಿಗದಿ ಮಾಡುವುದೇ ನಮ್ಮ ಅಪರಾಧ ನ್ಯಾಯಾಡಳಿತದ ಅತಿ ದುರ್ಬಲ ಭಾಗ, ವಿಚಾರಣಾ ನ್ಯಾಯಾಲಯಗಳಿಗೆ ನೆರವಾಗುವ ಮಾರ್ಗಸೂಚಿಯೇ ಇಲ್ಲ ಎಂದು ಒಪ್ಪಿಕೊಂಡಿತು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, 2003ರಲ್ಲಿ, ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ, ಶಿಕ್ಷೆಯ ಮಾರ್ಗಸೂಚಿ ರೂಪಿಸಲು ಪ್ರತ್ಯೇಕ ಶಾಸನಬದ್ಧ ಸಮಿತಿ ಬೇಕೆಂದು ಹೇಳಿತ್ತು. 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೇಂದ್ರ ಸರ್ಕಾರಕ್ಕೆ ಸಮಗ್ರ ಶಿಕ್ಷಾ ನೀತಿಯ ಬಗ್ಗೆ ಯೋಚಿಸಲು ತಿಳಿಸಿತು. ಇಂಗ್ಲೆಂಡಿನಲ್ಲಿ 2010ರಿಂದ ಇದಕ್ಕೆಂದೇ ಒಂದು ಮಂಡಳಿ ಇದೆ, ಅಪರಾಧದ ಹಾನಿ ಎಷ್ಟು, ದೋಷಿಯ ಹೊಣೆ ಎಷ್ಟು ಎಂದು ಹಂತ ಹಂತವಾಗಿ ನೋಡಿ ನ್ಯಾಯಾಧೀಶರು ಮುಂದುವರಿಯುತ್ತಾರೆ. ಅಮೆರಿಕದಲ್ಲಿ 1987ರಿಂದ ಅಡ್ಡಸಾಲು ಉದ್ದಸಾಲುಗಳ ಕೋಷ್ಟಕವೊಂದು ಫೆಡರಲ್ ನ್ಯಾಯಾಧೀಶರ ಕೈ ಕಟ್ಟಿಹಾಕಿತ್ತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬರಿಯ ಸಲಹೆಯ ಸ್ಥಾನಕ್ಕೆ ಇಳಿಸಿತು.

ಕೋಷ್ಟಕವೇ ಪರಿಹಾರ ಎನ್ನುವವರು ನಮ್ಮ ಮಾದಕ ವಸ್ತು ಕಾಯ್ದೆಯನ್ನು ನೋಡಬೇಕು. ಗಾಂಜಾ 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ ಸಜೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ. 1 ಕಿಲೋ ದಾಟಿ 20 ಕಿಲೋದೊಳಗಿದ್ದರೆ 10 ವರ್ಷದವರೆಗೆ, ಕೆಳಮಿತಿ ಇಲ್ಲ. ಚೀಲ ಯಾರದ್ದೋ, ಹೊತ್ತವನು ಯಾರೋ, ಅವನಿಗೆ ಸಿಗಬೇಕಿದ್ದದ್ದು ಒಂದು ದಿನದ ಕೂಲಿಯೋ ಹೇಗೋ, ತಕ್ಕಡಿಯ ಮುಳ್ಳು ಒಂದಿಷ್ಟು ಸರಿದರೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಹದಿಹರೆಯದವರು ಒಪ್ಪಿ ಕೂಡಿದ ಸಂಬಂಧಗಳಿಗೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯ ಕನಿಷ್ಠ ಶಿಕ್ಷೆಯೇ ಅನ್ವಯಿಸುತ್ತದೆ. ಪಶ್ಚಿಮ ಬಂಗಾಳದ ಅಂಥ ಒಂದು ಪ್ರಕರಣದಲ್ಲಿ, ಆ ಹೆಣ್ಣುಮಗಳಿಗೆ ನೋವು ಕೊಟ್ಟದ್ದು ಆ ಘಟನೆಗಿಂತ ಹೆಚ್ಚಾಗಿ ಕಾನೂನಿನ ಪ್ರಕ್ರಿಯೆ ಎಂದು ಸಮಿತಿಯೊಂದು ವರದಿ ಮಾಡಿದ ಮೇಲೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ದೋಷಿಯೆಂಬ ತೀರ್ಮಾನ ಉಳಿಸಿಕೊಂಡೂ ಮುಂದೆ ಶಿಕ್ಷೆ ಅನುಭವಿಸಬೇಕಿಲ್ಲವೆಂದಿತು. ಆ ಅಧಿಕಾರ ದೆಹಲಿಯಲ್ಲಿ ಮಾತ್ರ ಇದೆ. ಮಡಿಕೇರಿಯ ಸೆಷನ್ಸ್ ನ್ಯಾಯಾಧೀಶರ ಮುಂದೆ ಅಂಥದ್ದೇ ಪ್ರಕರಣ ಬಂದರೆ ಅವರಿಗೆ ಬೇರೆ ದಾರಿಯಿಲ್ಲ.

ಹಾಗೆಂದು ವಿವೇಚನೆಯನ್ನು ಪೂರ್ತಿ ನಂಬಿ ಎಂದು ನಾನು ಹೇಳಲಾರೆ. ಅತ್ಯಾಚಾರಕ್ಕೆ ಕನಿಷ್ಠ 7 ವರ್ಷವಿದ್ದಾಗ 'ಸೂಕ್ತ ಮತ್ತು ವಿಶೇಷ ಕಾರಣ' ಬರೆದು ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಲು ಅವಕಾಶವಿತ್ತು, 2013ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ತೆಗೆದದ್ದು ಯಾಕೆಂದು ಆ ಕಾರಣಗಳನ್ನು ಕೈಯಾರೆ ಟೈಪ್ ಮಾಡಿದವಳಿಗೆ ಬೇರೆಯವರು ಹೇಳಬೇಕಿಲ್ಲ. ಅವನಿಗೆ ಮದುವೆಯಾಗಿದೆ, ಒಳ್ಳೆಯ ಮನೆತನದವನು, ಭವಿಷ್ಯವಿದೆ. ಅವಳ ಭವಿಷ್ಯದ ಮಾತು ಆ ಪ್ಯಾರಾದಲ್ಲಿ ಬರುತ್ತಿರಲಿಲ್ಲ. ಕನಿಕರ ನಮ್ಮಂತೆ ಕಾಣುವವರ ಕಡೆಗೆ ಸುಲಭವಾಗಿ ಹರಿಯುತ್ತದೆ. ಪದವಿ ಓದುತ್ತಿದ್ದ ಯುವಕನ ವಿಷಯದಲ್ಲಿಯೂ ಅಷ್ಟಿಷ್ಟು ಅದೇ ನಡೆದಿತ್ತೇನೋ ಎಂದು ಈಗ ಯೋಚಿಸುತ್ತೇನೆ.

ಆದ್ದರಿಂದ ನನಗೆ ಮುಖ್ಯವೆನಿಸುವುದು ಎರಡು ತೀರ್ಪುಗಳ ಅಂಕಿ ಒಂದೇ ಇರಬೇಕೆಂಬುದಲ್ಲ, ಎರಡೂ ತೀರ್ಪುಗಳ ಹಿಂದೆ ಒಂದೇ ಬಗೆಯ ವಿಚಾರಣೆ ಇರಬೇಕೆಂಬುದು. ಮರಣದಂಡನೆಯ ಪ್ರಕರಣಗಳಲ್ಲಿ ಈ ದಾರಿ ಈಗಾಗಲೇ ತೆರೆದಿದೆ. 1980ರ ಬಚನ್ ಸಿಂಗ್ ತೀರ್ಪು ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕೆಂದಿತು. 2022ರ ಮನೋಜ್ ಪ್ರಕರಣದಲ್ಲಿ ದೋಷಿಯ ಬಾಲ್ಯ, ಕುಟುಂಬ, ಮಾನಸಿಕ ಸ್ಥಿತಿ, ಜೈಲಿನಲ್ಲಿನ ನಡತೆ ಇವುಗಳ ಮಾಹಿತಿಯನ್ನು ವಿಚಾರಣೆಯ ಹಂತದಲ್ಲೇ ಸರ್ಕಾರದಿಂದ ತರಿಸಿಕೊಳ್ಳಬೇಕೆಂದು ನಿರ್ದೇಶನ ಬಂತು. ಜೀವ ತೆಗೆಯುವ ಶಿಕ್ಷೆಗೆ ಅಷ್ಟು ಬೇಕೇ ಬೇಕು. ಆದರೆ ದೇಶದ ನ್ಯಾಯಾಲಯಗಳಲ್ಲಿ ದಿನವೂ ಬರೆಯುವ ಆರು ತಿಂಗಳ, ಒಂದು ವರ್ಷದ ಸಜೆಗೆ ಒಂದು ಪುಟದ ವರದಿಯಾದರೂ ಬೇಡವೇ? ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ವಕೀಲಿಕೆ ಆರಂಭಿಸಿದ್ದ ವಿ.ಆರ್. ಕೃಷ್ಣ ಅಯ್ಯರ್ ಅವರು ಸುಪ್ರೀಂ ಕೋರ್ಟಿನಲ್ಲಿದ್ದಾಗ, 1977ರ ಗಿಯಾಸುದ್ದೀನ್ ಪ್ರಕರಣದಲ್ಲಿ, ಒಬ್ಬ ವಂಚಕನ ಸಜೆಯನ್ನು ಇಳಿಸಿ, ಜೈಲಿನೊಳಗೆ ಅವನಿಗೆ ಎಂಥ ಕೆಲಸ ಕೊಡಬೇಕೆಂಬುದನ್ನೂ ಬರೆದರು. ಅದು ಕೊಲೆಯ ಪ್ರಕರಣವಾಗಿರಲಿಲ್ಲ. ಸಾಮಾನ್ಯ ಅಪರಾಧಿಗೂ ಅಷ್ಟು ಗಮನ ಕೊಡಲು ಸಾಧ್ಯವೆಂದು ಆ ತೀರ್ಪು ತೋರಿಸಿಕೊಟ್ಟಿದೆ.

ನಾನು ಕಣ್ಣಾರೆ ಕಂಡ ಒಂದು ತೀರ್ಪಿನಲ್ಲಿ ಅಂಥ ಗಮನವಿತ್ತು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ನಾಡು ನಮ್ಮದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆ. ಭತ್ತ ಕಾಯಲು ಹೋದವನೊಬ್ಬ ಕತ್ತಲಲ್ಲಿ ಹಂದಿಯೆಂದು ಗುಂಡು ಹಾರಿಸಿ ಪಕ್ಕದ ಗದ್ದೆಯವನನ್ನೇ ಕೊಂದಿದ್ದ. ನಿರ್ಲಕ್ಷ್ಯದಿಂದ ಸಾವು, ಆಗ ಗರಿಷ್ಠ 2 ವರ್ಷ, ಈಗಿನ ಸಂಹಿತೆಯಲ್ಲಿ 5 ವರ್ಷ. ಶಿಕ್ಷೆಗೆ ಮೊದಲು ನ್ಯಾಯಾಧೀಶರು ಮೃತನ ಹೆಂಡತಿಯ ಮಾತು ಕೇಳಬೇಕೆಂದರು, ಹಾಗೆ ಕೇಳಬೇಕೆಂದು ಯಾವ ಕಲಮೂ ಅವರಿಗೆ ಹೇಳಿರಲಿಲ್ಲ. ಆಕೆ ನಿಧಾನವಾಗಿ, "ಅವನು ಜೈಲಿಗೆ ಹೋದರೆ ನನಗೆ ಬರುವುದೇನೂ ಇಲ್ಲ ಸ್ವಾಮಿ. ಮಕ್ಕಳ ಫೀಸು ಕಟ್ಟಲಿ. ಇನ್ನು ಅವನ ಕೈಗೆ ಕೋವಿ ಬರಬಾರದು" ಎಂದರು. ಮೂರು ತಿಂಗಳ ಸಜೆ ಮತ್ತು ಮಕ್ಕಳ ಹೆಸರಿಗೆ ಪರಿಹಾರ. ಅದಕ್ಕೆ ಕಾರಣಗಳು ಮೂರು ಪುಟ. ಯಾಕೆ ಜೈಲು ಬೇಕು, ಯಾಕೆ ಅದಕ್ಕಿಂತ ಹೆಚ್ಚು ಬೇಡ, ಕೋವಿ ಹಿಡಿದವನ ಜವಾಬ್ದಾರಿ ಎಂಥದ್ದು ಎಂದು ಬಿಡಿಸಿ ಬರೆದಿದ್ದರು. ಮೃತನ ಅಣ್ಣನಿಗೆ ಅದು ಸಾಲದೆನಿಸಿತು. ಆದರೆ ತೀರ್ಪಿನ ಪ್ರತಿಯನ್ನು ಪಡೆದು, ಇಂಥ ಕಾರಣ ತಪ್ಪು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ವಕೀಲರಲ್ಲಿಗೆ ಹೋದರು. ಅಲ್ಲಿ ತಿಳಿದದ್ದೇನೆಂದರೆ, ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಸರ್ಕಾರಕ್ಕಿದೆಯೇ ಹೊರತು ನೊಂದವರಿಗಿಲ್ಲ, ಅವರು ಪ್ರಶ್ನಿಸಬಹುದಾದದ್ದು ಬಿಡುಗಡೆಯನ್ನು, ಕಡಿಮೆ ಅಪರಾಧದ ತೀರ್ಮಾನವನ್ನು, ಸಾಲದ ಪರಿಹಾರವನ್ನು. ನನಗೆ ಇದು ಕಾನೂನಿನ ದೊಡ್ಡ ಲೋಪವಾಗಿ ಕಾಣುತ್ತದೆ.

ದಂಡದ ವಿಷಯವನ್ನು ಬಹುಪಾಲು ಜನ ಗಮನಿಸುವುದೇ ಇಲ್ಲ. 2,000 ರೂಪಾಯಿ ಒಬ್ಬನಿಗೆ ಒಂದು ಸಂಜೆಯ ಖರ್ಚು, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವವನಿಗೆ ಒಂದು ವಾರದ ಅಕ್ಕಿ ಬೇಳೆ. ಕಟ್ಟಲಾಗದಿದ್ದರೆ ಹೆಚ್ಚುವರಿ ಸಜೆ. ಹಾಡಿಯ ಆ ಯುವಕ ಒಂದು ತಿಂಗಳು ಹೆಚ್ಚು ಒಳಗಿದ್ದದ್ದು ಕಾಫಿ ಕದ್ದದ್ದಕ್ಕಲ್ಲ, ಅವನ ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲವೆಂಬುದಕ್ಕೆ. ದಂಡ ಹಾಕುವ ಮೊದಲು ದಿನಗೂಲಿ ಎಷ್ಟೆಂದು ಕೇಳಿದ ನ್ಯಾಯಾಧೀಶರು ನನ್ನ ನೆನಪಿನಲ್ಲಿ ಇಬ್ಬರೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಒಂದು ಹೊಸ ದಾರಿ ತೆರೆದಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಅಪರಾಧವಾಗಿದ್ದು, ವಸ್ತುವನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಓದಿದಾಗ ನನಗೆ ಬಹಳ ಸಂತೋಷವಾಯಿತು. ಆಮೇಲೆ ಲೆಕ್ಕ ಹಾಕಿದೆ. ಹಿಂದೆ ಅನೇಕ ವರ್ಷ 50 ಕಿಲೋದ ಒಂದು ಚೀಲ ರೋಬಸ್ಟಾ ಚೆರಿ ಆ ಮಿತಿಯೊಳಗೇ ಇರುತ್ತಿತ್ತು, ಆಮೇಲೆ ಬೆಲೆ ಏರಿದಾಗ ಒಂದೇ ಚೀಲ ಅದನ್ನು ದಾಟಿಹೋಯಿತು. ಕರಿಮೆಣಸಾದರೆ ಹತ್ತು ಕಿಲೋ ಸಾಕು. ರೋಬಸ್ಟಾದ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯ ಮೇಲೆ. ಅಲ್ಲಿ ಬೆಲೆ ಏರಿದ ವರ್ಷ ಸಿಕ್ಕಿಬಿದ್ದವನು ಜೈಲಿನ ಭಯದಲ್ಲಿ ನಿಲ್ಲಬೇಕು, ಇಳಿದ ವರ್ಷದವನು ಆಸ್ಪತ್ರೆಯ ಅಂಗಳ ಗುಡಿಸಿ ಮನೆಗೆ ಹೋಗಬಹುದು. ವಿವೇಚನೆಯನ್ನು ಕಾಯ್ದೆಯ ಅಂಕಿಗೆ ಒಪ್ಪಿಸಿದಾಗಲೆಲ್ಲ ಹೀಗಾಗುತ್ತದೆ. ಪ್ರೊಬೇಷನ್ ಕಾಯ್ದೆಯಲ್ಲಿ ಬೆಲೆಯ ಮಿತಿ ಇಲ್ಲ, ಅದು ಇವತ್ತಿಗೂ ಜಾರಿಯಲ್ಲಿದೆ, ಅದನ್ನು ಕೇಳುವವರು ಬೇಕು.

ನಿವೃತ್ತಿಯ ನಂತರ ನಾನು ಕಾನೂನು ಸೇವೆಯ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಿದ್ದೇನೆ. ನನ್ನಿಂದಾಗುವ ಕೆಲಸ ಚಿಕ್ಕದು. ಮೊಕದ್ದಮೆ ತೀರ್ಪಿಗೆ ಬರುತ್ತಿದೆಯೆಂದು ತಿಳಿದಾಗ ಆ ಮನೆಗೆ ಹೋಗಿ, ಶಾಲೆಯ ದಾಖಲೆ, ಪಡಿತರ ಚೀಟಿ, ಕಾಯಿಲೆಯವರಿದ್ದರೆ ಆಸ್ಪತ್ರೆಯ ಚೀಟಿ, ಕೆಲಸ ಕೊಟ್ಟವರಿಂದಲೋ ತೋಟದ ರೈಟರಿಂದಲೋ ಎರಡು ಸಾಲಿನ ಪತ್ರ ಇಷ್ಟನ್ನು ಒಟ್ಟುಮಾಡಿ, ಒಂದು ಪುಟದ ವಿವರ ಬರೆದು ವಕೀಲರ ಕೈಗೆ ಕೊಡುತ್ತೇನೆ. ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕೆಂದು ಅರ್ಜಿ ಹಾಕಲು ಅವರನ್ನು ಕೇಳಿಕೊಳ್ಳುತ್ತೇನೆ. ದೋಷಿಯಾಗಬಹುದಾದವನಿಗೆ ನ್ಯಾಯಾಧೀಶರು ಯಾವ ಪ್ರಶ್ನೆ ಕೇಳುತ್ತಾರೆ, ಅದರ ಅರ್ಥವೇನು ಎಂದು ಅವನ ಮಾತಿನಲ್ಲೇ ಹೇಳಿಸುತ್ತೇನೆ. ಹಾಡಿಗಳಿಗೆ ಹೋಗುವಾಗ ಭಾಷೆ ತಿಳಿದ ಒಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಹೆಚ್ಚಿನ ಸಲ ಆ ಒಬ್ಬರು ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕಿದ ಅದೇ ಯುವಕ.

ಬರುವ ಗುರುವಾರ ಮೆಣಸು ಕದ್ದ ಆರೋಪದ ಒಂದು ಪ್ರಕರಣ ತೀರ್ಪಿಗಿದೆ. ಕಡತದಲ್ಲಿ ಹುಡುಗನ ವಯಸ್ಸು 'ಸುಮಾರು 21' ಎಂದಿದೆ. ಅವನು ಓದಿದ ಶಾಲೆ ಈಗ ಮುಚ್ಚಿದೆ, ದಾಖಲೆಗಳು ಪಕ್ಕದ ಊರಿನ ಶಾಲೆಗೆ ಹೋಗಿವೆಯೆಂದು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ.